ಜಿಪ್ಸಿಗೆ 8000 ಬೇಡ, 6800 ಸಾಕು

ತುಮಕೂರು, 16 ನವೆಂಬರ್ 2024, ಶನಿವಾರ

ಅಂತರಸನಹಳ್ಳಿಯ ಲೇತ್‌ನಿಂದ ಮಾರುತಿ ಜಿಪ್ಸಿಯ ಹೆಡ್ (ವಾಲ್ವ್‌ಗಳು ಕೂರುವ ಎಂಜಿನ್‌ನ ಮೇಲ್ಭಾಗ) ಇವತ್ತು ಬಂತು. 0.5 ಮಿ.ಮೀ. ಫೇಸಿಂಗ್ (ಹೆಡ್‌ನ ಅಡಿ ಮುಖ ಸವರುವುದು), ಸೀಟ್ ಕಟಿಂಗ್ (ವಾಲ್ವ್ ಕೂರುವ ಅಂಚು ಕೆತ್ತುವುದು), ಪೋರ್ಟ್ ಕೆಲಸ ಎಲ್ಲ ಮುಗಿದಿದೆ, ವಾಲ್ವ್ ತೆರೆಯುವ ಹೊಸ ಕ್ಯಾಮ್ ಕೂಡ ಬಂದಿದೆ. ಇಸಿಯುನಲ್ಲಿ, ಅಂದರೆ ಎಂಜಿನ್‌ನ ಕಂಪ್ಯೂಟರ್‌ನಲ್ಲಿ, ಕಟ್-ಆಫ್ (ಎಂಜಿನ್ ಅದಕ್ಕಿಂತ ಜೋರಾಗಿ ತಿರುಗದಂತೆ ತಡೆಯುವ ಮಿತಿ) ಎಷ್ಟಕ್ಕೆ ಇಡುವುದು ಅನ್ನುವುದು ಬಾಕಿ. ಗಾಡಿಯವರು 8000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಕೇಳುತ್ತಿದ್ದಾರೆ, ಕ್ಯಾಮ್ ಡಬ್ಬಿಯ ಮೇಲೆ ಹಾಗೆ ಬರೆದಿದೆಯಂತೆ. ಕ್ಯಾಮ್ ಮಾಡಿದವರು ಕ್ಯಾಮ್ ಬಗ್ಗೆ ಬರೆದಿದ್ದಾರೆ. ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ರಾಡ್, ಕೆಳಗೆ ಕೂತಿರುವ ಅದರ ಬೋಲ್ಟ್ ಅವರು ಕಂಡಿದ್ದಲ್ಲವಲ್ಲ.

ಇದು 1298 ಸಿಸಿ ಎಂಜಿನ್, ಬೋರ್ (ಸಿಲಿಂಡರ್‌ನ ಅಗಲ) 74, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75.5 ಮಿ.ಮೀ. ಕಂಪನಿ ಹೇಳುವ ಗರಿಷ್ಠ ಪವರ್ 6000 ಆರ್‌ಪಿಎಂನಲ್ಲಿ. ಸ್ಟ್ರೋಕನ್ನು ಮೀಟರಿಗೆ ತಂದು, ಎರಡರಿಂದ ಗುಣಿಸಿ, ಆರ್‌ಪಿಎಂನಿಂದ ಗುಣಿಸಿ, 60ರಿಂದ ಭಾಗಿಸಿದರೆ ಪಿಸ್ಟನ್‌ನ ಸರಾಸರಿ ವೇಗ ಸಿಗುತ್ತದೆ. 6000ಕ್ಕೆ ಸೆಕೆಂಡಿಗೆ 15.1 ಮೀಟರ್, 6800ಕ್ಕೆ 17.1, 8000ಕ್ಕೆ 20.1. ಕಂಪನಿಯ ಎರಕದ ಪಿಸ್ಟನ್, ಕಂಪನಿಯದೇ ರಾಡ್ ಇದ್ದರೆ 18 ದಾಟಬಾರದು ಅನ್ನುವುದು ನಮ್ಮ ಕೈಲೆಕ್ಕ. 20ಕ್ಕೆ ಹೋಗುವವರು ಮೊದಲು ಫೋರ್ಜ್ಡ್ (ಬಡಿದು ಮಾಡಿದ) ಪಿಸ್ಟನ್, ಒಳ್ಳೆಯ ರಾಡ್, ಹೊಸ ಬೋಲ್ಟ್‌ಗಳಿಗೆ ದುಡ್ಡು ಕಟ್ಟಿಡಬೇಕು.

ವೇಗಕ್ಕಿಂತ ಎಳೆತ ನೋಡಿದರೆ ವಿಷಯ ಬೇಗ ಅರ್ಥವಾಗುತ್ತದೆ. ಪಿಸ್ಟನ್, ಪಿನ್, ರಿಂಗ್, ರಾಡ್‌ನ ಮೇಲ್ತುದಿ ಸೇರಿ 400 ಗ್ರಾಂ, ರಾಡ್ ಉದ್ದ 120 ಮಿ.ಮೀ. ಎಂದು ಹಿಡಿಯಿರಿ. ಪಿಸ್ಟನ್ ಮೇಲಿನ ತುದಿಯಲ್ಲಿ ತಿರುಗುವಾಗ ರಾಡ್ ಮೇಲಿನ ಎಳೆತ 6000ದಲ್ಲಿ ಸುಮಾರು 800 ಕೆಜಿ, 6800ರಲ್ಲಿ 1030, 8000ದಲ್ಲಿ 1420. ಆರ್‌ಪಿಎಂ ಮೂರರಲ್ಲೊಂದು ಭಾಗ ಏರಿದರೆ ಎಳೆತ ಮುಕ್ಕಾಲು ಪಾಲಿಗಿಂತ ಹೆಚ್ಚು ಏರುತ್ತದೆ. ಎಗ್ಸಾಸ್ಟ್ ಸ್ಟ್ರೋಕ್ ಮುಗಿಯುವ ಗಳಿಗೆಯಲ್ಲಿ ಮೇಲಿಂದ ಒತ್ತಲು ಗ್ಯಾಸ್ ಇರುವುದಿಲ್ಲ, ಪೂರ್ತಿ ಭಾರ ಬೋಲ್ಟ್ ಮೇಲೆಯೇ. ಫುಲ್ ರೇಸ್‌ನಲ್ಲಿ ಪೆಡಲ್ ಪಟ್ಟನೆ ಬಿಟ್ಟಾಗ ರಾಡ್ ತುಂಡಾಗುವುದು ಅದಕ್ಕೇ. ತುಮಕೂರು ಸಮುದ್ರಮಟ್ಟದಿಂದ 800 ಮೀಟರ್ ಮೇಲಿದೆ, ಗಾಳಿ ತೆಳುವಾಗಿ ಪವರ್ ಶೇ. 8–9ರಷ್ಟು ಇಳಿಯುತ್ತದೆ. ಈ ಎಳೆತ ಮಾತ್ರ ಒಂದು ಗ್ರಾಂ ಕೂಡ ಇಳಿಯುವುದಿಲ್ಲ.

ಇನ್ನು ವಾಲ್ವ್ ಸ್ಪ್ರಿಂಗ್. ಬಹಳಷ್ಟು ಎಂಜಿನ್‌ಗಳಲ್ಲಿ ಮೊದಲು ಸೋಲುವುದು ಇದೇ, ಆದರೂ ಅಳೆಯುವವರು ಕಡಿಮೆ. ಸೀಟ್ ಕಟ್ ಮಾಡಿದಾಗ ವಾಲ್ವ್ ಒಳಕ್ಕೆ ಕೂರುತ್ತದೆ, ಕಾಂಡ ಮೇಲಕ್ಕೆ ಬರುತ್ತದೆ, ಸ್ಪ್ರಿಂಗ್‌ಗೆ ಜಾಗ ಹೆಚ್ಚಾಗಿ ಬಿಗಿ ತಪ್ಪುತ್ತದೆ. ಈ ಹೆಡ್‌ನಲ್ಲಿ 33.0 ಇರಬೇಕಾದ ಎತ್ತರ ಎರಡು ಕಡೆ 33.8 ಬಂತು. ಸ್ಪ್ರಿಂಗ್ ಮಿ.ಮೀ.ಗೆ 3 ಕೆಜಿಯದಾದರೆ 2.4 ಕೆಜಿ ಹೋದಂತೆ. ಅಲ್ಲಿ 0.8ರ ಶಿಮ್ (ತೆಳು ಬಿಲ್ಲೆ) ಬೇಕು. ಆಮೇಲೆ ಸ್ಪ್ರಿಂಗನ್ನು ವೈಸ್‌ನಲ್ಲಿ ಪೂರ್ತಿ ಅದುಮಿ ವರ್ನಿಯರ್ ಹಿಡಿದರೆ 22.3. ಹೊಸ ಕ್ಯಾಮ್ ಲಿಫ್ಟ್ 9.2, ಅಂದರೆ ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್ ಎತ್ತರ 23.8. ನಡುವೆ 1.5 ಉಳಿಯಿತು, ಪರವಾಗಿಲ್ಲ. ಒಂದು ಮಿ.ಮೀ.ಗಿಂತ ಕಡಿಮೆ ಉಳಿದರೆ ಆ ಕ್ಯಾಮ್‌ಗೆ ಆ ಸ್ಪ್ರಿಂಗ್ ಬೇಡ. ಹದಿನಾರನ್ನೂ ಒಂದೊಂದಾಗಿ ಟೆಸ್ಟರ್ ಮೇಲೆ ಕೂರಿಸಬೇಕು, ಎಲ್ಲಕ್ಕಿಂತ ಮೆತ್ತಗಿರುವುದೇ ಇಡೀ ಎಂಜಿನ್‌ನ ಮಿತಿ. ಹಾಗಂತ ಸಿಕ್ಕಿದ್ದರಲ್ಲಿ ಗಟ್ಟಿಯಾದದ್ದು ಹಾಕಿದರೆ ಕ್ಯಾಮ್ ಲೋಬ್, ರಾಕರ್ ಸವೆದು ಹೋಗುತ್ತವೆ.

ವಾಲ್ವ್‌ಗೂ ಪಿಸ್ಟನ್‌ಗೂ ನಡುವೆ ಎಷ್ಟು ಜಾಗ ಇದೆ ಎಂದು ನೋಡಲು ಪಿಸ್ಟನ್ ತಲೆಯ ಮೇಲೆ ಆಟದ ಕ್ಲೇ ಇಟ್ಟು, ಹೆಡ್ ಬಿಗಿದು, ಬೆಲ್ಟ್ ಹಾಕಿ, ಕೈಯಲ್ಲೇ ಎರಡು ಸುತ್ತು ತಿರುಗಿಸಿ ಬಿಚ್ಚಿದ್ದಾಯಿತು. ಬ್ಲೇಡಿನಲ್ಲಿ ಕೊಯ್ದಾಗ ತೀರ ತೆಳ್ಳಗಿದ್ದ ಕಡೆ ಇನ್‌ಟೇಕ್ 2.1, ಎಗ್ಸಾಸ್ಟ್ 2.6. ನಮ್ಮ ಕನಿಷ್ಠ 2.0 ಮತ್ತು 2.5. ಫೇಸಿಂಗ್‌ನಲ್ಲಿ ಇನ್ನೊಂದು ಕಾಲು ಮಿ.ಮೀ. ಹೋಗಿದ್ದರೂ ಪಿಸ್ಟನ್‌ನಲ್ಲಿ ವಾಲ್ವ್‌ಗೆ ಜಾಗ ಬಿಡುವ ಪಾಕೆಟ್ ಕೊರೆಸಬೇಕಾಗುತ್ತಿತ್ತು. ಇಷ್ಟು ಜಾಗ ಯಾಕೆ ಬೇಕೆಂದರೆ, ಮೇಲಿನ ಆರ್‌ಪಿಎಂನಲ್ಲಿ ರಾಡ್ ಹಿಗ್ಗುತ್ತದೆ, ಬೆಲ್ಟ್ ಅದುರುತ್ತದೆ, ಸ್ಪ್ರಿಂಗ್ ಸೋತರೆ ವಾಲ್ವ್ ತಡವಾಗಿ ಮುಚ್ಚುತ್ತದೆ.

ಕೆಳಗಿನ ಭಾಗದ್ದು ಚಿಕ್ಕ ಮಾತು. ರಾಡ್ ಬೋಲ್ಟ್ ಹೊಸದೇ ಆಗಬೇಕು, ಬಿಗಿಯುವ ಮೊದಲು ಒಂದೊಂದರ ಉದ್ದ ಬರೆದಿಡಬೇಕು. ಸಡಿಲಿಸಿದಾಗ 0.025 ಮಿ.ಮೀ. ಉದ್ದವಾಗಿದ್ದರೂ ಗುಜರಿಗೆ. ಬಿಗ್ ಎಂಡ್ ಬೇರಿಂಗ್ ಕ್ಲಿಯರೆನ್ಸ್ 0.04ರ ಆಸುಪಾಸು. ಕಂಪನಿಯ ಎರಕದ ಫ್ಲೈವೀಲ್ ಕೆತ್ತಿ ಹಗುರ ಮಾಡುವುದಂತೂ ಬೇಡವೇ ಬೇಡ, ಅದು ಸಿಡಿದರೆ ಕಾಲು ಇರುವ ಜಾಗಕ್ಕೇ ಬರುತ್ತದೆ.

ಇಷ್ಟಕ್ಕೂ 8000ದಲ್ಲಿ ಏನು ಸಿಗುತ್ತದೆ? ಇದೇ ಕ್ಯಾಮ್‌ನ ಇನ್ನೊಂದು ಜಿಪ್ಸಿಯ ಡೈನೊ ಶೀಟ್‌ನಲ್ಲಿ (ಯಂತ್ರದ ಮೇಲೆ ಪವರ್ ಅಳೆದ ಪಟ್ಟಿ) ಪವರ್ 6300ಕ್ಕೆ ತುದಿ ಮುಟ್ಟಿ, 7200 ದಾಟಿದ ಮೇಲೆ ಜಾರುತ್ತದೆ. ಗೇರ್ ಅನುಪಾತ ಮೂರನೆಯದು 1.423, ನಾಲ್ಕನೆಯದು 1.0. 6800ಕ್ಕೆ ಗೇರ್ ಬದಲಿಸಿದರೆ ಎಂಜಿನ್ 4780ಕ್ಕೆ ಇಳಿಯುತ್ತದೆ. ಬರೀ ಪವರ್ ಲೆಕ್ಕದಲ್ಲಿ 7000ದವರೆಗೆ ಎಳೆದರೆ ಸ್ವಲ್ಪ ಲಾಭವಿದೆ, ಒಪ್ಪೋಣ. ಆ ಇನ್ನೂರಕ್ಕೆ ಕಂಪನಿಯ ರಾಡ್ ಒತ್ತೆ ಇಡುವುದು ನಮಗೆ ಸರಿ ಕಾಣುವುದಿಲ್ಲ.

ಕಟ್-ಆಫ್ ಬರೆಯುವಾಗ ಹಾರಿಕೆಯನ್ನೂ, ಅಂದರೆ ಕಟ್ ಆಗುವಷ್ಟರಲ್ಲಿ ಆರ್‌ಪಿಎಂ ಮಿತಿ ದಾಟಿ ಹೋಗುವುದನ್ನೂ, ಕಳೆಯಬೇಕು. ಮಣ್ಣಿನಲ್ಲಿ ಫಸ್ಟ್ ಗೇರ್, ಚಕ್ರ ಸುತ್ತುತ್ತಿದ್ದರೆ ಸೆಕೆಂಡಿಗೆ 3000 ಏರಿದರೂ ಆಶ್ಚರ್ಯವಿಲ್ಲ. 0.05 ಸೆಕೆಂಡ್ ತಡವಾದರೆ 150 ಆಗಲೇ ದಾಟಿರುತ್ತದೆ. ಹಾಗಾಗಿ 6600ರಿಂದ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ, 6800ಕ್ಕೆ ಪೂರ್ತಿ ಕಟ್. ಡ್ಯಾಶ್‌ಬೋರ್ಡ್ ಮುಳ್ಳು ನಂಬಬೇಡಿ, ಇಸಿಯು ಲಾಗ್‌ನಲ್ಲಿ ಗರಿಷ್ಠ ನೋಡಿ. 7000 ಕಂಡರೆ ಕಟ್ ಇನ್ನೂ ಇಳಿಸಿ. ಕಟ್-ಆಫ್ ಕೈಯಲ್ಲಿ ಆಗದ್ದೂ ಒಂದಿದೆ: ನಾಲ್ಕನೇ ಗೇರ್‌ನಲ್ಲಿ 5000 ಇದ್ದಾಗ ತಪ್ಪಿ ಎರಡಕ್ಕೆ (1.947) ಹಾಕಿದರೆ ಚಕ್ರಗಳೇ ಎಂಜಿನ್ನನ್ನು 9700ಕ್ಕೆ ತಿರುಗಿಸುತ್ತವೆ. ಸವೆದ ಗೇರ್ ಲಿವರ್ ಬುಷ್ ಅದಕ್ಕೇ ಈಗಲೇ ಬದಲಾಗಬೇಕು.

ಅಂದ ಹಾಗೆ ಇದು ರಸ್ತೆಯಲ್ಲಿ ಓಡದೆ ಟ್ರೇಲರ್ ಮೇಲೆ ಹೋಗುವ ಗಾಡಿ. ರಸ್ತೆ ಗಾಡಿಗೆ ಇಂಥ ಬದಲಾವಣೆ ಮಾಡಿಸುವವರು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಕೊಳ್ಳಲಿ.

ಸೋಮವಾರ ಸ್ಟಾರ್ಟ್. ಮೊದಲ ಇಪ್ಪತ್ತು ನಿಮಿಷ ಐಡಲ್‌ಗೆ ಬಿಡದೆ 2000–2500ರ ನಡುವೆ, ಕ್ಯಾಮ್ ಮುಖ ಹೊಂದಿಕೊಳ್ಳಲು. ಅಲ್ಲಿಯವರೆಗೆ ಇಸಿಯುನಲ್ಲಿ ಕಟ್-ಆಫ್ 4500. ನಂತರ ಆಯಿಲ್ ಇಳಿಸಿ, ಫಿಲ್ಟರ್ ಕೊಯ್ದು ಮಡಿಕೆ ಬಿಡಿಸಿ ನೋಡುವುದು. ಶುದ್ಧವಿದ್ದರೆ 6000, ಲಾಗ್ ಸರಿಯಿದ್ದರೆ 6800. ಮಡಿಕೆಯಲ್ಲಿ ತಾಮ್ರದ ಬಣ್ಣದ ಚೂರು ಕಂಡರೆ ಬೇರಿಂಗ್ ಸವೆಯುತ್ತಿದೆ ಎಂದರ್ಥ, ಸಂಪ್ (ಅಡಿಯ ಆಯಿಲ್ ತೊಟ್ಟಿ) ಮತ್ತೆ ಇಳಿಯುತ್ತದೆ.