ಮರೆಯೋದಕ್ಕೆ ಎಷ್ಟು ದಿನ ಬೇಕು, ಅಕ್ಕಾ?

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡದ ಹುಡುಗಿಯರು ಮದುವೆಯಲ್ಲೋ ಸತ್ಯನಾರಾಯಣ ಪೂಜೆಯಲ್ಲೋ ಸಿಕ್ಕರೆ, ಊಟ ಆದ ಮೇಲೆ ಮೆಲ್ಲಗೆ ಪಕ್ಕಕ್ಕೆ ಕರೆದು ಕೇಳುವುದು ಇದನ್ನೇ. ನಾಲ್ಕು ವರ್ಷದ ನನ್ನ ಪ್ರೀತಿ ಮುರಿದದ್ದನ್ನು ನಾನು ಮುಚ್ಚಿಟ್ಟಿಲ್ಲ, ಅದಕ್ಕೇ ಇರಬೇಕು.

ದಿನ ಎಣಿಸಬೇಡ, ಟ್ರೇನ್ ಬದಲಿಸು ಅನ್ನುತ್ತೇನೆ.

ತಮಾಷೆಗೆ ಹೇಳುತ್ತಿಲ್ಲ. ಸಂಜೆ ದಾದರಿನಲ್ಲಿ ನಾವಿಬ್ಬರೂ ಒಂದೇ ಕಲ್ಯಾಣ ಫಾಸ್ಟ್ ಲೋಕಲ್ ಹತ್ತುತ್ತಿದ್ದೆವು. ನಾನು ಲೇಡೀಸ್ ಡಬ್ಬಿ, ಅವನು ಪಕ್ಕದ್ದು. ನಡುವೆ ಕಂಬಿ. ಘಾಟ್ಕೋಪರ್ ದಾಟಿದರೆ ಕಂಬಿಯ ಸಂದಿಯಿಂದ ಒಂದು ತುಂಡು ಚಿಕ್ಕಿ ಬರುತ್ತಿತ್ತು. ಬಿಟ್ಟ ಮೇಲೂ ಮೂರು ತಿಂಗಳು ನಾನು ಅದೇ ಗಾಡಿ, ಅದೇ ಜಾಗ. ಅವನು ಬರುತ್ತಿರಲಿಲ್ಲ. ಆದರೂ ಘಾಟ್ಕೋಪರ್ ಬಂತೆಂದರೆ ಕುತ್ತಿಗೆ ತಾನೇ ಆ ಕಡೆ ತಿರುಗುತ್ತಿತ್ತು.

ಅಮೆರಿಕದ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ಜೊತೆಗಾರರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರೀತಿಸಿದವರು ಕೈಬಿಟ್ಟಿದ್ದ 15 ಜನರಿಗೆ ಆ ಬಿಟ್ಟುಹೋದವರದೇ ಫೋಟೋ ತೋರಿಸಿ ಮೆದುಳು ಸ್ಕ್ಯಾನ್ ಮಾಡಿದ್ದರು. ಕೊಕೇನ್ ಚಟದವರಿಗೆ ಹಪಹಪಿ ಎದ್ದಾಗ ಚುರುಕಾಗುವ ಕೆಲವು ಭಾಗಗಳೇ ಇವರಲ್ಲೂ ಚುರುಕಾಗಿದ್ದವು. ಕುಡಿತ ಬಿಡುತ್ತೇನೆ ಅಂದವನು ದಿನಾ ಬಾರ್ ಮುಂದೆಯೇ ಹಾದು ಹೋದರೆ ಹೇಗೆ, ಹೇಳಿ? ರಾತ್ರಿ ಅವನ ಡಿಪಿ ತೆಗೆದು ನೋಡುವುದೂ ಅದೇ ಬಾರ್. (ನಾನೂ ನೋಡಿದ್ದೇನೆ. ದೊಡ್ಡದು ಮಾಡಿ, ಹಿಂದೆ ನಿಂತವರು ಯಾರು ಅಂತ.)

ಯಾಕೆ ಮುರಿಯಿತು ಅಂತಲೂ ಕೇಳುತ್ತಾರೆ. ಮೋಸ ಆಗಲಿಲ್ಲ, ಜಾತಿ ಅಡ್ಡ ಬರಲಿಲ್ಲ. ನಾನು ಆಫೀಸಿನ ಮಾತು ತೆಗೆದರೆ ಅವನು ಮೂಗಿನಲ್ಲೇ ನಗುತ್ತಿದ್ದ. ಅವನ ಅಮ್ಮನ ಮರಾಠಿಯನ್ನು ನಾನು ಅಣಕಿಸುತ್ತಿದ್ದೆ. ಗಂಡ ಹೆಂಡಿರ ಜಗಳಗಳನ್ನು ದಶಕಗಳ ಕಾಲ ಗಮನಿಸಿದ ಜಾನ್ ಗಾಟ್‌ಮನ್, ವಿಚ್ಛೇದನದ ಎಲ್ಲಕ್ಕಿಂತ ದೊಡ್ಡ ಸುಳಿವು ತಾತ್ಸಾರ ಅನ್ನುತ್ತಾರೆ. ನಮ್ಮದು ಮದುವೆವರೆಗೆ ಹೋಗಲಿಲ್ಲ, ಪುಣ್ಯ. 'ಕೊನೆಯದಾಗಿ ಒಂದ್ಸಲ ಕೂತು ಮಾತಾಡೋಣ' ಅನ್ನುವ ಭೇಟಿಯೂ ದಂಡ. ನಾವು ಮೂರು ಸಲ ಕೂತೆವು.

ಆಮೇಲೆ ನಾನು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಗಾಡಿ ಹಿಡಿದೆ. ಮನೆಗೆ ತಡ ಆಗುತ್ತಿತ್ತು, ಅಮ್ಮ ಗೊಣಗುತ್ತಿದ್ದರು. ಒಂದು ಸಂಜೆ ಎದುರು ಕೂತ ಮಾವಶಿಯೊಬ್ಬರು ಬಟಾಣಿ ಸುಲಿಯುತ್ತಿದ್ದವರು, ಕೇಳದೇನೇ ಅರ್ಧ ನನ್ನ ಮಡಿಲಿಗೆ ಸುರಿದರು. ಸುಲಿಯುತ್ತಾ ಕೂತೆ. ತಲೆ ಎತ್ತಿದಾಗ ಮುಲುಂಡ್. ಘಾಟ್ಕೋಪರ್ ಯಾವಾಗ ಹೋಯಿತೋ.