ದಸರಾಕ್ಕೆ ಕತ್ತರಿ ಹಾಕಿದ ಸಾಲ್ವಿಯಾ

ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ನಾನು ಗಾರ್ಡನ್ ಸೂಪರ್‌ವೈಸರ್. ಗೇಟಿನಿಂದ ಕ್ಲಬ್‌ಹೌಸ್‌ವರೆಗೆ ಸಾಲ್ವಿಯಾ ಲ್ಯೂಕ್ಯಾಂತಾ ಹಾಕಿಸಿದ್ದು ನಾನೇ. ಕುಂಡದಲ್ಲಿ ಒಂದು ಸೀಸನ್ ಮಿಂಚಿ ಹೋಗುವ ಕೆಂಪು ಸಾಲ್ವಿಯಾ ಅಲ್ಲ ಇದು. ಮೆಕ್ಸಿಕೋ ಕಡೆಯದು, ವರ್ಷಗಟ್ಟಲೆ ಇರುತ್ತದೆ. ಮುಟ್ಟಿದರೆ ಮಖಮಲ್ಲಿನಂತಿರುವ ನೇರಳೆ ತೆನೆ, ಅದರೊಳಗಿಂದ ಇಣುಕುವ ಬಿಳಿ ಹೂ. ಬಿಳಿ ಉದುರಿದರೂ ನೇರಳೆ ವಾರಗಟ್ಟಲೆ ಉಳಿಯುತ್ತದೆ.

ಒಂದು ವರ್ಷ ದಸರಾಕ್ಕೆ ಹದಿನೈದು ದಿನ ಇದ್ದಾಗ ಕಮಿಟಿಯವರು, "ಕಾಡು ಬೆಳೆದ ಹಾಗಿದೆ, ನೀಟ್ ಮಾಡಿಸಿ" ಅಂದರು. ಹೂಂಗುಟ್ಟಿದೆ. ಸಂಜೆಯೊಳಗೆ ಇಡೀ ಸಾಲು ಮೊಣಕಾಲೆತ್ತರ, ಮಿಲಿಟರಿ ಕ್ರಾಪ್.

ಡಿಸೆಂಬರ್ ಬಂದರೂ ಬರೀ ಹಸಿರು. ಸಂಕ್ರಾಂತಿ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಗೇಣುದ್ದದ ತೆನೆ. ಆದರೆ ಪಂಪ್‌ಹೌಸ್ ಹಿಂದೆ ಕತ್ತರಿಗೆ ಸಿಗದೆ ಉಳಿದ ಒಂದು ಗಿಡ ಮೈತುಂಬ ಹೂ ಹೊತ್ತು ಬಾಗಿ ನಿಂತಿತ್ತು, ಸುತ್ತ ಜೇನು. ನನಗೆ ತಲೆ ತಗ್ಗಿಸುವ ಹಾಗಾಯಿತು.

ಈ ಗಿಡ ಹಗಲು ಕಿರಿದಾಗುವುದನ್ನು ಕಂಡುಕೊಂಡು ಮೊಗ್ಗು ಕಟ್ಟುತ್ತದೆ. ನಮ್ಮೂರಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೇ. ಅದಕ್ಕೆ ಅಷ್ಟು ಸಾಕು. ಮೊಗ್ಗು ಬರುವುದು ಕುಡಿಯಲ್ಲೇ. ಅದು ಸಿದ್ಧವಾಗುವ ಹೊತ್ತಿಗೇ ನಾನು ಅಷ್ಟೂ ಕುಡಿ ಚಿವುಟಿಸಿದ್ದೆ.

ಈಗ ಹೂ ಮುಗಿದು, ಬುಡದಲ್ಲಿ ಹೊಸ ಚಿಗುರು ಕಂಡಮೇಲೆ, ಫೆಬ್ರವರಿ-ಮಾರ್ಚಿನಲ್ಲಿ ನೆಲದಿಂದ ಅರ್ಧ ಅಡಿಗೆ ಇಳಿಸುತ್ತೇವೆ. ಜೂನ್-ಜುಲೈನಲ್ಲಿ ತುದಿ ಚಿವುಟಿದರೆ ಪೊದೆ ತುಂಬಿಕೊಳ್ಳುತ್ತದೆ. ಆಗಸ್ಟ್ ಅರ್ಧ ದಾಟಿದರೆ ಕತ್ತರಿ ಸ್ಟೋರ್ ರೂಮಿಗೆ. ಹಾಗಂತ ಎಲ್ಲ ಸಾಲ್ವಿಯಾಕ್ಕೂ ಇದೇ ಲೆಕ್ಕ ಅಲ್ಲ: ಗ್ರೆಗ್ಗಿ ಅನ್ನುವ ಸಾಲ್ವಿಯಾ, ಅಡುಗೆಗೆ ಬಳಸುವ ಸೇಜ್ ಇವುಗಳ ಕಾಂಡ ಕಟ್ಟಿಗೆಯಾಗುತ್ತದೆ. ಎಲೆಯಿಲ್ಲದ ಹಳೇ ಕಟ್ಟಿಗೆವರೆಗೆ ಕತ್ತರಿಸಿದರೆ ಮತ್ತೆ ಚಿಗುರುವ ಭರವಸೆ ಇಲ್ಲ.

ಲಾನ್‌ನ ಸ್ಪ್ರಿಂಕ್ಲರ್ ನೀರೂ ತಪ್ಪಿಸಿದೆವು. ನೀರು, ಯೂರಿಯಾ ಹೆಚ್ಚಾದರೆ ಎಲೆಯೇ ಜಾಸ್ತಿ, ಒಂದು ಮಳೆಗೆ ಮಲಗಿಬಿಡುತ್ತದೆ. ಸತ್ತ ಜಾಗ ತುಂಬಲು ನರ್ಸರಿಗೂ ಹೋಗಬೇಕಿಲ್ಲ. ತುಳಸಿಯ ಕುಟುಂಬವೇ ಅಲ್ಲವೇ, ಬೆರಳಲ್ಲಿ ಹೊರಳಿಸಿದರೆ ಕಾಂಡ ಚೌಕ. ಹೂವಿಲ್ಲದ, ನಾಲ್ಕಿಂಚು ಉದ್ದದ ಎಳೆ ಕುಡಿಯನ್ನು ಗೆಣ್ಣಿನ ಕೆಳಗೆ ಕೊಯ್ದು, ಕೆಳಗಿನ ಎಲೆ ತೆಗೆದು, ಮರಳು ಮತ್ತು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದ್ದರಲ್ಲಿ ಊರಿ ನೆರಳಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಬೇರು.

ಈ ಸಲವೂ ಸೆಪ್ಟೆಂಬರಿನಲ್ಲಿ "ನೀಟ್ ಮಾಡಿಸಿ" ಅಂತ ಫೋನ್ ಬಂತು. ಬಿದಿರುಗೂಟ ನೆಟ್ಟು, ಸೆಣಬಿನ ಹುರಿಯಲ್ಲಿ ಸಡಿಲವಾಗಿ ಕಟ್ಟಿಸಿ, ಫೋಟೋ ಕಳಿಸಿದೆ. ಆಮೇಲೆ ಫೋನ್ ಬರಲಿಲ್ಲ.