ಅವ್ವನ ಹರಕೆ, ದುರ್ಗದ ಹೊಂಡ

ಅವ್ವ ಹೊತ್ತಿದ್ದ ಹರಕೆಯೊಂದು ಬಾಕಿ ಉಳಿದಿತ್ತು. ತಂಗಿಗೆ ಹೆರಿಗೆ ಕಷ್ಟವಾದಾಗ, ‘ತಾಯಿ ಮಗು ಸುಸೂತ್ರವಾಗಿ ಬೇರೆಯಾದರೆ ದುರ್ಗದ ಏಕನಾಥಮ್ಮನಿಗೆ ಉಡಿ ತುಂಬ್ತೀನಿ’ ಎಂದು ಆಸ್ಪತ್ರೆಯ ಬಾಗಿಲಲ್ಲೇ ಕೈಮುಗಿದಿದ್ದಳು. ಹೆರಿಗೆ ಆಯಿತು, ಮಗು ಶಾಲೆಗೂ ಸೇರಿತು. ಅವ್ವನಿಗೆ ಮಾತ್ರ ಮಂಡಿನೋವು, ಚಿತ್ರದುರ್ಗದ ಕೋಟೆ ಹತ್ತಲು ಆಗಲೇ ಇಲ್ಲ. ಹಾಗೇ ಹೋಗಿಬಿಟ್ಟಳು.

ಹೋದವರ ಹರಕೆ ಇದ್ದವರ ತಲೆ ಮೇಲೆ. ಮೂರು ವರ್ಷ ಅದನ್ನು ಹೊತ್ತುಕೊಂಡೇ ತಿರುಗಿದೆ. ಹೋಗಬೇಕೆಂದರೆ ತಂಗಿಯನ್ನು ಕರೆಯಬೇಕು, ಕರೆದರೆ ಅವ್ವನ ಅವಲಕ್ಕಿ ಸರದ ಮಾತು ಬರುತ್ತದೆ. ಸರ ನನ್ನ ಬೀರುವಿನಲ್ಲಿತ್ತು. ಅವಳು ಕೇಳಿರಲಿಲ್ಲ, ನಾನು ಕೊಟ್ಟಿರಲಿಲ್ಲ. ಹಬ್ಬಕ್ಕೆ ಫೋನು, ಮಕ್ಕಳ ಕ್ಷೇಮ, ಅಷ್ಟರಲ್ಲೇ ಮಾತು ಮುಗಿಯುತ್ತಿತ್ತು.

ಈ ಸಲ ಮಳೆ ಹಿಡಿದು ಹೊಡೆಯಿತು. ಅವಳೇ ಫೋನ್ ಮಾಡಿ, “ಗೋಪಾಲಸ್ವಾಮಿ ಹೊಂಡ ಕೋಡಿ ಬಿದ್ದಿದೆಯಂತೆ ಅಕ್ಕಾ. ಶುಕ್ರವಾರ ಹೋಗಿ ಬರೋಣ್ವಾ?” ಎಂದಳು. ಹೊಂಡ ನೆಪ ಎಂದು ಇಬ್ಬರಿಗೂ ಗೊತ್ತಿತ್ತು.

ಏಳು ಸುತ್ತಿನ ಕೋಟೆ ಅದು. 19 ಹೆಬ್ಬಾಗಿಲು, 35 ಕಳ್ಳದಾರಿ ಎಂದು ಲೆಕ್ಕ ಹೇಳುತ್ತಾರೆ. ದಾರಿ ನೇರವಾಗಿ ಬಾಗಿಲಿಗೆ ಹೋಗುವುದಿಲ್ಲ, ಹಾವಿನಂತೆ ತಿರುಗಿ ತಿರುಗಿ ಹೋಗುತ್ತದೆ. ಆನೆ ಓಡಿಬಂದು ಬಾಗಿಲಿಗೆ ಗುದ್ದಬಾರದೆಂದು ಮಾಡಿದ ಉಪಾಯ. ಒಂದು ಬಾಗಿಲು ದಾಟಿದರೆ ಎದುರಿಗೆ ಬರೀ ಗೋಡೆ, ಪಕ್ಕಕ್ಕೆ ಹೊರಳಿದರೆ ಇನ್ನೊಂದು ಬಾಗಿಲು. ಉಡಿಯ ಚೀಲವನ್ನು ಒಮ್ಮೆ ಅವಳು, ಒಮ್ಮೆ ನಾನು ಹಿಡಿದುಕೊಂಡು ಹತ್ತಿದೆವು. ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಏಕನಾಥಮ್ಮ ಎಂದರೆ ಏಕನಾಥೇಶ್ವರಿ, ದುರ್ಗದ ಪಾಳೆಯಗಾರರು ಪೂಜಿಸುತ್ತಿದ್ದ ದೇವಿ. ಎತ್ತರದ ಉಯ್ಯಾಲೆ ಕಂಬ, ದೀಪಸ್ತಂಭ, ಅವುಗಳ ಹಿಂದೆ ಬಂಡೆಗಳ ರಾಶಿ, ಅದರ ಮೇಲೆ ಆಕಾಶ. ಅಲ್ಲಿ ನಿಂತರೆ ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಆಳಿದವರು ಹೋದರು, ಆಕೆಗೆ ದೀಪ ಹಚ್ಚುವುದು ನಿಲ್ಲಲಿಲ್ಲ. ಇವತ್ತಿಗೂ ಪೂಜಾರಿ ಹೂವು, ಎಣ್ಣೆ ಹೊತ್ತುಕೊಂಡು ಮೇಲೆ ಹತ್ತಬೇಕು. ಗುಡಿಯ ಹಿರಿಮೆ ಎಂದರೆ ನನಗೆ ಮೊದಲು ನೆನಪಾಗುವುದು ಆ ಹತ್ತುವ ಕಾಲುಗಳೇ.

ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಉತ್ತುತ್ತೆ, ಎಲೆ ಅಡಿಕೆ, ಹಸಿರು ರವಿಕೆ ಕಣ. ಅವ್ವ ಹೇಳಿದ್ದ ಪಟ್ಟಿಯಲ್ಲಿ ಒಂದೂ ಬಿಡದೆ ತಂದಿದ್ದೆ. ಐದು ಸಲ ಬೊಗಸೆ ತುಂಬಿ ಅರ್ಪಿಸಿದೆವು. ‘ತಾಯಿ, ಇದು ನಮ್ಮದಲ್ಲ, ನಮ್ಮವ್ವನ ಸಾಲ’ ಎಂದುಕೊಂಡೆ. ಕಣ್ಣು ತುಂಬಿ ಬಂದು ಅಮ್ಮನ ಮುಖ ಮಸುಕಾಯಿತು. ಪೂಜಾರಪ್ಪ ಮಂಗಳಾರತಿ ಮಾಡಿ, ತಟ್ಟೆಯಿಂದ ಒಂದು ಹಿಡಿ ಅಕ್ಕಿ, ಒಂದು ಅರಿಶಿನ ಕೊಂಬು ತೆಗೆದು, “ಸೆರಗು ಹಿಡೀರಮ್ಮ” ಎಂದರು.

ನಾನು ಹಿಂದೆ ಸರಿದೆ. “ಅಮ್ಮನಿಗೆ ಕೊಟ್ಟಿದ್ದಲ್ವಾ ಸ್ವಾಮಿ, ಅಲ್ಲೇ ಇರಲಿ.”

“ಅಮ್ಮ ತನಗೆ ಬೇಕಾದ್ದು ಇಟ್ಕಂಡ್ಲು. ಮಿಕ್ಕಿದ್ದು ನಿಮಗೆ. ಪೂರಾ ಇಟ್ಕಳಾದು ಅವಳ ಪದ್ಧತೀನೇ ಅಲ್ಲ, ಹಿಡೀರಿ.”

ಸೆರಗಿನ ತುದಿಗೆ ಬಿದ್ದ ಅಕ್ಕಿಯನ್ನು ಗಂಟು ಹಾಕಿಕೊಂಡೆ. ಅರಿಶಿನ ಹತ್ತಿ ಕೆಲವು ಕಾಳು ಹಳದಿಯಾಗಿದ್ದವು. ಉಡಿ ತುಂಬಿದವರಿಗೆ ಒಂದಿಷ್ಟು ಮರಳಿಸುವುದು ನಮ್ಮ ಕಡೆ ಹೊಸದೇನಲ್ಲ, ಮದುವೆ ಮನೆಗಳಲ್ಲಿ ನಾನೇ ಎಷ್ಟೋ ಸಲ ಮಾಡಿದ್ದೇನೆ. ಆದರೆ ಅದನ್ನು ದೇವರ ಪದ್ಧತಿ ಎಂದು ಯಾರೂ ನನಗೆ ಹೇಳಿರಲಿಲ್ಲ.

ಹಿಡಿಂಬೇಶ್ವರನಿಗೆ ಕೈಮುಗಿದು, ಸಂಪಿಗೆ ಸಿದ್ಧೇಶ್ವರನ ಅಂಗಳದಲ್ಲಿ ಸ್ವಲ್ಪ ಕುಳಿತೆವು. ನಾಯಕರಿಗೆ ಪಟ್ಟ ಕಟ್ಟುತ್ತಿದ್ದುದು ಇದೇ ಅಂಗಳದಲ್ಲಂತೆ. ಅಲ್ಲಿಂದ ಮುಂದಕ್ಕೆ ಪಾಳುಬಿದ್ದ ಅರಮನೆಯ ಕಡೆ ನಡೆದೆವು.

ಕಲ್ಲಿನ ಕೋಟೆ ಎಂದು ಹೆಸರಾದ ದುರ್ಗದಲ್ಲಿ ಅರಮನೆಯ ಕಡೆ ಉಳಿದಿರುವುದು ಮಣ್ಣಿನ ಗೋಡೆ. ಬಿಸಿಲು ಮಳೆಗೆ ಅಂಚು ಸವೆದು, ಚಾವಣಿಯಿಲ್ಲದೆ, ಹುಲ್ಲಿನ ನಡುವೆ ನಿಂತಿವೆ. ಅಲ್ಲೇ ಕಣಜ, ಖಜಾನೆ, ನಾಣ್ಯ ಅಚ್ಚುಹಾಕುತ್ತಿದ್ದ ಟಂಕಸಾಲೆ. ಕಣಜದ ಗೋಡೆಗೆ ಅಂಗೈ ಒತ್ತಿ ನೋಡಿದೆ. ಬಿಸಿಲಿಗೆ ಬೆಚ್ಚಗಿತ್ತು. ಮಣ್ಣಿನ ಜೊತೆ ಸಣ್ಣ ಕಲ್ಲುಹರಳು ಕೈಗೆ ಒರಟಾಗಿ ಸಿಕ್ಕವು. ಒಳಗೆ ಬರೀ ಹುಲ್ಲು, ಒಂದು ಓತಿಕ್ಯಾತ. ಗೋಡೆಯ ಮೇಲೆ ಯಾರೋ ಹೆಸರು ಕೆತ್ತಿಹೋಗಿದ್ದರು. ಇಷ್ಟು ವರ್ಷ ನಿಂತ ಗೋಡೆಯ ಮೈಮೇಲೆ ಗೀಚಲು ಕೈಯಾದರೂ ಹೇಗೆ ಬರುತ್ತದೋ, ಸಂಕಟವಾಯಿತು.

ಕಟ್ಟಿದವರನ್ನು ಹಳಿಯುವ ಮನಸ್ಸು ನನಗಿಲ್ಲ. ಮುತ್ತಿಗೆ ಬಿದ್ದಾಗ ಈ ಕಣಜದ ಕಾಳೇ ಒಳಗಿದ್ದವರ ಜೀವ ಹಿಡಿದಿದ್ದಿರಬೇಕು. ಆದರೂ 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು, ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಏಳು ಸುತ್ತು ಗೋಡೆಯ ಒಳಗೆ, ಬೀಗದ ಮೇಲೆ ಬೀಗ ಹಾಕಿ ಇಟ್ಟಿದ್ದರಲ್ಲಿ ಒಂದು ಕಾಳೂ ಅಲ್ಲಿರಲಿಲ್ಲ. ನನಗೆ ಬೀರುವಿನ ಕೀಲಿಕೈ ನೆನಪಾಯಿತು. ಬ್ಯಾಗಿನಲ್ಲೇ ಇತ್ತು. ಎಲ್ಲಿಗೆ ಹೋದರೂ ಅದನ್ನು ಮನೆಯಲ್ಲಿ ಬಿಟ್ಟು ಬಂದವಳಲ್ಲ ನಾನು.

ಗೋಪಾಲಸ್ವಾಮಿ ಗುಡಿಯ ಬಳಿ ಬಂದಾಗ ಮೊದಲು ಸದ್ದು ಕೇಳಿತು, ಆಮೇಲೆ ನೀರು ಕಂಡಿತು. ಬಂಡೆಗಳ ನಡುವೆ ಹೊಂಡ ಅಂಚಿನವರೆಗೆ ತುಂಬಿ, ಕೋಡಿಯಲ್ಲಿ ತೆಳ್ಳಗೆ ಹೊರಚೆಲ್ಲುತ್ತಿತ್ತು. ಚಿತ್ರದುರ್ಗ ಬರದ ಸೀಮೆ. ಇಲ್ಲಿ ಕೋಡಿ ಬಿದ್ದ ನೀರು ನೋಡುವುದೇ ಒಂದು ದರ್ಶನ. ತಂಗಿ ಚಪ್ಪಲಿ ಬಿಟ್ಟು, ನೀರಿಗೆ ಅರಿಶಿನ ಕುಂಕುಮ ಬಿಟ್ಟು ಕೈಮುಗಿದಳು.

ಹೊಂಡಗಳನ್ನು ಇಲ್ಲಿ ಒಂದಕ್ಕೊಂದು ಕೊಂಡಿ ಹಾಕಿದಂತೆ ಮಾಡಿದ್ದಾರೆ. ಬೆಟ್ಟದ ಮೇಲೆ ಬಿದ್ದ ಮಳೆ ಮೊದಲು ದೇವರ ಮುಂದಿನ ಈ ಹೊಂಡ ತುಂಬಬೇಕು. ಹೆಚ್ಚಾಗಿದ್ದು ಅಕ್ಕ ತಂಗಿ ಹೊಂಡಕ್ಕೆ. ಅಲ್ಲಿ ಕೋಡಿ ಬಿದ್ದರೆ ತಣ್ಣೀರು ದೋಣಿಯ ಕಡೆಗೆ, ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಗುಡ್ಡ ಹತ್ತಲಾಗದವರ ಮನೆ ಹತ್ತಿರಕ್ಕೂ ಗೋಪಾಲಸ್ವಾಮಿಯ ನೀರು ತಾನೇ ಇಳಿದು ಹೋಗುತ್ತದೆ. ಕೋಟೆ ಬಿದ್ದು ಎರಡು ನೂರು ವರ್ಷದ ಮೇಲಾಯಿತು. ಕಾವಲಿನವರಿಲ್ಲ, ಫಿರಂಗಿಯಿಲ್ಲ, ಆಳುವವರಿಲ್ಲ. ಮಳೆ ಬಂದರೆ ನೀರು ಮಾತ್ರ ಅಂದು ತೋರಿಸಿಕೊಟ್ಟ ದಾರಿಯಲ್ಲೇ ನಡೆಯುತ್ತದೆ.

ಅಂಚಿನ ಬಂಡೆಯ ಮೇಲೆ ಬಹಳ ಹೊತ್ತು ಕುಳಿತೆ. ಕಣಜ ಕಟ್ಟಿದವರೂ ಅವರೇ, ಹೊಂಡ ತೋಡಿಸಿದವರೂ ಅವರೇ. ಹೊಂಡ ತನ್ನ ಬೇಸಿಗೆಗೆ ಬೇಕಾದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಬಂದದ್ದನ್ನು ತಡೆಯುವುದಿಲ್ಲ. ಪೂಜಾರಪ್ಪ ಹೇಳಿದ್ದೂ ಇದನ್ನೇ. ಉಡಿ ತುಂಬುವುದು, ಕೆರೆ ತುಂಬುವುದು, ಮನೆ ತುಂಬುವುದು, ಮಾತು ಒಂದೇ. ತುಂಬಿದ ಮೇಲೆ ಏನಾಗಬೇಕು ಎನ್ನುವುದನ್ನು ನಾನು ಕೇಳಿಕೊಂಡೇ ಇರಲಿಲ್ಲ. ಮೂರು ವರ್ಷ ದೇವರ ಮುಂದೆ ಕೊಡು, ಕಾಪಾಡು ಎಂದೇ ಬೇಡಿದ್ದೇನೆ. ಅವತ್ತು ಮೊದಲ ಸಲ, ‘ಸ್ವಾಮಿ, ನನ್ನ ಕೋಡಿ ಎಲ್ಲಿ ಕಟ್ಟಿಕೊಂಡಿದೆಯೋ ಅಲ್ಲಿ ಬಿಡಿಸು’ ಎಂದು ಕೇಳಿಕೊಂಡೆ. ಗುಡಿಯ ಒಳಗಿಂದ ಉತ್ತರವೇನೂ ಬರಲಿಲ್ಲ. ನೀರಿನ ಸದ್ದು ಇತ್ತು.

ಅಕ್ಕ ತಂಗಿ ಹೊಂಡದ ಹತ್ತಿರ ಅವಳು ನಿಂತಳು.

“ಅಕ್ಕಾ, ಆ ಅಕ್ಕಿಯಲ್ಲಿ ನಂಗೂ ಒಂಚೂರು ಹಾಕು. ಮಗೂಗೆ ನಾಳೆ ಅನ್ನಕ್ಕೆ ಬೆರೆಸ್ತೀನಿ.”

ಸೆರಗಿನ ಗಂಟು ಬಿಚ್ಚಿದೆ. ಅಷ್ಟು ಹೊತ್ತು ಬಿಗಿದಿದ್ದ ಗಂಟು, ಉಗುರಿಗೆ ಬೇಗ ಸಿಗಲಿಲ್ಲ. ಅವಳ ಅಂಗೈಗೆ ಸುರಿದೆ. ಎಷ್ಟು ಬಿತ್ತು, ಎಷ್ಟು ಉಳಿಯಿತು ನೋಡಲಿಲ್ಲ.

“ಹೋಗೋ ದಾರೀಲಿ ಮನೆಗೆ ಬಾ. ಅವ್ವನ ಸರ ಇದೆ, ತಗೊಂಡು ಹೋಗು” ಎಂದೆ.

ಅವಳು ತಲೆಯೆತ್ತಲಿಲ್ಲ. ಅಂಗೈಯ ಅಕ್ಕಿಯಲ್ಲಿ ಹಳದಿ ಕಾಳನ್ನು ಬೆರಳಲ್ಲಿ ಸರಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಈ ದೀಪಾವಳಿಗೆ ನೀನೇ ಹಾಕ್ಕೋ. ಅವ್ವ ಹೋದ ಮೇಲೆ ಅದನ್ನ ಯಾರ ಕೊರಳಲ್ಲೂ ನೋಡಿಲ್ಲ ನಾನು. ನೋಡಿದ ಮೇಲೆ ತಗೋತೀನಿ.”

ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು, ಒದ್ದೆ ಬಂಡೆಯ ಮೇಲೆ ಹುಷಾರಾಗಿ ಹೆಜ್ಜೆ ಇಡುತ್ತಾ ಕೆಳಗಿಳಿದೆವು. ಜಾರುವ ಕಡೆ ಅವಳು ನನ್ನ ರಟ್ಟೆ ಹಿಡಿದುಕೊಂಡಿದ್ದಳು.